ಜ್ವರದ ವರ್ಷದ ಕೈಚೀಲ

ಕುಷ್ಟಗಿಯ ದುರಗಮ್ಮನಿಗೆ ತೊಗಲಿನ ವಸ್ತು ಕೈಗೆ ಬಂದರೆ ಸಾಕು, ಅದು ಯಾರ ಹೊಲಿಗೆ, ಎಷ್ಟು ಮಳೆಗಾಲ ಕಂಡದ್ದು ಎಂದು ಬೆರಳೇ ಹೇಳುತ್ತಿತ್ತು. ತವರು ಕೊಪ್ಪಳದಲ್ಲಿ ತೊಗಲು ಹದ ಮಾಡುವ ಮನೆ. ಅವಳ ಅವ್ವ ಕಳಕಮ್ಮ ತನಗೆಂದು ಹೊಲಿದುಕೊಂಡದ್ದು ಒಂದೇ ವಸ್ತು: ಎಲೆ ಅಡಿಕೆ ಇಡುವ ಕೆಂಪು ಕೈಚೀಲ. ಅವ್ವ ಸತ್ತಾಗ ದಾರಿಯಲ್ಲಿ ಹಿರೇಹಳ್ಳ ತುಂಬಿ ಹರಿಯುತ್ತಿತ್ತು. ದುರಗಮ್ಮ ಹೋಗಿ ಮುಟ್ಟುವಷ್ಟರಲ್ಲಿ ಮಣ್ಣು ಮುಚ್ಚಿದ್ದರು. ಸತ್ತವಳ ಎಲೆಚೀಲವನ್ನು ತುಂಬಿಸಿ ಕುಣಿಯೊಳಗೆ ಹೆಣದ ಮಗ್ಗುಲಿಗೆ ಇಡುವುದು ಅವರ ಮನೆತನದ ಪದ್ಧತಿ. "ತುಂಬಿಸೇ ಇಟ್ಟೀವಿ ಯಕ್ಕಾ," ಎಂದಿದ್ದ ತಮ್ಮ ದ್ಯಾವಪ್ಪ. ಅಷ್ಟು ಸಮಾಧಾನ ಕಟ್ಟಿಕೊಂಡು ಅವಳು ಮರಳಿದ್ದಳು.

ಎರಡು ವರ್ಷದ ಮೇಲೆ, ಎರಡನೇ ಮಹಾಯುದ್ಧದ ಕಾಲದಲ್ಲಿ, ದುರಗಮ್ಮನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ದಿನ ದ್ಯಾವಪ್ಪ ಹೆಂಡತಿ ಗಾಳೆಮ್ಮನನ್ನು ಕರೆದುಕೊಂಡು ಕುಷ್ಟಗಿಗೆ ಬಂದ. ಗಾಳೆಮ್ಮನ ಕೈಯಲ್ಲಿ ಕರಿ ಚೀಲ.

"ಹೈದರಾಬಾದಿಂದು ನೋಡ್ರಿ ಅಕ್ಕಾರ, ಹೊಸಾದು. ನಿಮ್ಮ ತಮ್ಮಗ ಮುಪ್ಪಿನಾಗ ಹೆಂಡ್ತಿ ಮ್ಯಾಲೆ ಪ್ರೀತಿ ಹುಟ್ಟೇತಿ!" ಕೂತಿದ್ದ ಹೆಂಗಸರು ನಕ್ಕರು.

"ತಾ ನೋಡೂಣು," ಎಂದು ದುರಗಮ್ಮನೂ ನಗುತ್ತಲೇ ತೆಗೆದುಕೊಂಡಳು. ನಗು ಅಲ್ಲೇ ನಿಂತಿತು. ಹೊಲಿಗೆಯಲ್ಲಿ ನೂಲಿರಲಿಲ್ಲ, ತೊಗಲಿನದೇ ಸಣ್ಣ ಎಳೆ. ಇಪ್ಪತ್ತು ಚಿಲ್ಲರೆ ವರ್ಷದ ಹಿಂದೆ, ಊರೂರೇ ಹಾಸಿಗೆ ಹಿಡಿದ ದೊಡ್ಡ ಜ್ವರದ ವರ್ಷ ಪೇಟೆ ಮುಚ್ಚಿ ನೂಲು ಸಿಗದೆ ಹೋದಾಗ ಅವ್ವ ತನ್ನ ಕೆಂಪು ಚೀಲವನ್ನು ಹಾಗೆ ಹೊಲಿದಿದ್ದಳು, ಮತ್ತೆಂದೂ ಹಾಗೆ ಹೊಲಿಯಲಿಲ್ಲ. ದುರಗಮ್ಮ ಹಿಡಿಕೆಯನ್ನು ಮಗುಚಿದಳು. ಕಬ್ಬಿಣದ ಚೂರು, ಬೆಲ್ಲ ಕೊಳೆಹಾಕಿ ಮಾಡಿದ ಕರಿಬಣ್ಣದ ನೀರು ಬಳಿದರೆ ಗುರುತು ಸಿಗದು ಎಂದುಕೊಂಡವನು ಒಂದು ಮರೆತಿದ್ದ: ಎಣ್ಣೆ ಕುಡಿದ ತೊಗಲಿಗೆ ಅದು ಹತ್ತುವುದಿಲ್ಲ. ದಿನವಿಡೀ ತೊಗಲಿಗೆ ಎಣ್ಣೆ ತಿಕ್ಕುತ್ತಿದ್ದ ಅವ್ವನ ಕೈ ಹಿಡಿದ ಜಾಗ ಕೆಂಪಗೇ ಉಳಿದಿತ್ತು.

"ದ್ಯಾವ್ಯಾ, ಬಾ ಇಲ್ಲೆ."

ಬಂದ. ಚೀಲ ನೋಡಿದ, ನೆಲ ನೋಡಿದ.

"ಅವ್ವನ್ನ ಬರಿಗೈಲೆ ಕಳಿಸ್ದೇನೋ?"

"ಛಲೋ ತೊಗಲು ಯಕ್ಕಾ, ಮಣ್ಣಾಗ ಕೊಳಿತಿತ್ತು. ಬೇಕಂದ್ರ ನೀನ ಇಟ್ಗೊ. ಮಗಳಿಗೆ ಬಂದಂಗಾತು."

"ನನಗ ಲಂಚ ಕೊಡ್ತಿ? ಅವ್ವನ ವಸ್ತು ಅವ್ವನ ಮಗಳಿಗೇ ಲಂಚ? ಬಾಯಾಗ ಎಲಿ ಇಲ್ದ ಕುಂದ್ರದಾಕಿ ಅಕಿ! ಬಣ್ಣ ಬಳಿಯಾಕ ಕೈ ಬಂತು, ಕುಣಿಯಾಗ ಇಡಾಕ ಬರಲಿಲ್ಲ?"

"ನನಗ ಗೊತ್ತಿದ್ದಿಲ್ರಿ ಅಕ್ಕಾರ," ಎಂದು ಗಾಳೆಮ್ಮ ಅತ್ತಳು.

"ನಿನಗಂದಿಲ್ಲವಾ, ಸುಮ್ನಿರು."

ತೊಟ್ಟಿಲಿಗೆಂದು ತಂದಿದ್ದ ಎಲೆ ಅಡಿಕೆಯನ್ನು ದುರಗಮ್ಮ ಚೀಲಕ್ಕೆ ತುಂಬಿದಳು. ಮರುದಿನ ಕೊಪ್ಪಳದಲ್ಲಿ, ಅವ್ವನ ಮಣ್ಣಿನ ಮಗ್ಗುಲಿಗೆ, ತಮ್ಮನಿಂದಲೇ ಅಗೆಸಿ ಇಡಿಸಿದಳು. ಮಣ್ಣು ಎಳೆದು ಎದ್ದ ದ್ಯಾವಪ್ಪ, "ಮನಿಗೆ ಬಾ ಯಕ್ಕಾ, ಉಂಡು ಹೋಗು," ಎಂದ.

ದುರಗಮ್ಮ ಸೀರೆ ಕೊಡವಿಕೊಂಡು ಕುಷ್ಟಗಿಯ ದಾರಿ ಹಿಡಿದಳು. ಬದುಕಿರುವ ತನಕ ಆ ಮನೆಯ ನೀರು ಮುಟ್ಟಲಿಲ್ಲ.