ಆಸಿಮನಿಗೆ ನಾನು ತೋರಿಸಿದ ಮನೆಗಳು

ಅಥಣಿಯಲ್ಲಿ, ಸೂರಿಲ್ಲದ ಹುಡುಗರಿಗೆ ದಾರಿ ತೋರಿಸುವ ಸಂಸ್ಥೆಯೊಂದು ನನಗೆ ಸಂಬಳ ಕೊಡುತ್ತದೆ. ದಾರಿ ಮಾತ್ರ, ಸೂರು ನಮ್ಮಲ್ಲಿಲ್ಲ. ಬಂದವರನ್ನು ಕೂರಿಸಿ, ನೀರು ಕೊಟ್ಟು, ಅವರೆದುರಿಗೇ ಇನ್ನೊಂದು ಊರಿನ ಇನ್ನೊಂದು ಸಂಸ್ಥೆಗೆ ಫೋನು ಹಚ್ಚಿ, ‘ನಮ್ಮ ಹುಡುಗ ಬರಾಕತ್ತಾನ್ರಿ, ಜರಾ ನೋಡ್ರಿ’ ಅನ್ನುವುದು ನನ್ನ ಕೆಲಸ. ಬಸ್ಸು ಹತ್ತಿಸಿದರೆ ಪ್ರಕರಣ ಮುಗಿಯಿತು. ಬಸ್ ಸ್ಟ್ಯಾಂಡಿನ ಕಂಟ್ರೋಲರೂ ಇದನ್ನೇ ಮಾಡುತ್ತಾನೆ. ಅವನನ್ನು ಯಾರೂ ಸಮಾಜಸೇವಕ ಎನ್ನುವುದಿಲ್ಲ.

ಆಸಿಮ ಇಲ್ಲೇ ಹತ್ತಿರದ ಸತ್ತಿ ಎಂಬ ಊರಿನವನು, ವೆಲ್ಡಿಂಗ್ ಬಲ್ಲವನು. ಅಪ್ಪ ರಾಜೇಸಾಬ ತೀರಿಕೊಂಡ ಮೇಲೆ ಮನೆ ಕಾಕಾನ ಪಾಲಾಯಿತು. ತಂಗಿ ಫರಹೀನ ಪಿಯುಸಿ ಓದುತ್ತ ಹಾಸ್ಟೆಲ್ ಸೇರಿದಳು, ಇವನು ಅಥಣಿಯ ವೆಲ್ಡಿಂಗ್ ಅಂಗಡಿ ಸೇರಿ ಅಲ್ಲೇ ಮಲಗತೊಡಗಿದ. ಮಾಲೀಕ ಅಲ್ಲಿ ಮಲಗುವುದು ಬೇಡವೆಂದಾಗ ನಮ್ಮಲ್ಲಿಗೆ ಬಂದ. ಪರೀಕ್ಷೆ ಮುಗಿದ ದಿನ ತಂಗಿ ಹಾಸ್ಟೆಲ್ ಬಿಡಬೇಕು; ಅಷ್ಟರೊಳಗೆ ಮನೆ ಸಿಗದಿದ್ದರೆ ಕಾಕಾ ಅವಳನ್ನು ಒಯ್ದು ಮದುವೆ ಮಾಡಿಬಿಡುತ್ತಾನೆ. ಇದನ್ನು ಮೊದಲ ದಿನವೇ ಹೇಳಿದ. ನಾನು ತಲೆಯಾಡಿಸಿದೆ. ತಲೆಯಾಡಿಸುವುದಕ್ಕೆ ನಮಗೆ ತರಬೇತಿ ಆಗಿದೆ. ಆಮೇಲೆ ಫೋನಿನಲ್ಲಿ ಎಲ್ಲರಿಗೂ ‘ಒಬ್ಬನೇ ಹುಡುಗ’ ಎಂದೆ. ಒಬ್ಬನನ್ನು ದಾಟಿಸುವುದು ಸುಲಭ.

ಚಿಕ್ಕೋಡಿಯ ವಸತಿ ಓದುವವರಿಗೆ ಮಾತ್ರವಂತೆ. ಅವರು ರಾಯಬಾಗಕ್ಕೆ ದಾಟಿಸಿದರು. ಅಲ್ಲಿ ವೆಲ್ಡಿಂಗ್ ಕಲಿಯುವವರಿಗೆ ಕೋಣೆ ಇತ್ತು. ಇವನಿಗೆ ಆಗಲೇ ಬರುತ್ತಿತ್ತು, ಅದೇ ತಪ್ಪಾಯಿತು. ನಿಪ್ಪಾಣಿಯವರು, ಅಥಣಿ ತಾಲ್ಲೂಕಿನವನು ಅಥಣಿಯಲ್ಲೇ ಕೇಳಲಿ ಎಂದರು. ಅಥಣಿಯಲ್ಲಿ ಕೇಳುವುದೆಂದರೆ ನನ್ನನ್ನು.

ಕೊನೆಗೆ ನಮ್ಮ ಮುಖ್ಯಸ್ಥ ನೇಮಿನಾಥ ಸರ್, ಕಾಗವಾಡ ಕಡೆಯ ದ್ರಾಕ್ಷಿ ಬೆಳೆಗಾರ ಬಾಬಾಸಾಹೇಬರಿಗೆ ಹೇಳಿದರು. ಅವರ ತೋಟದ ಶೆಡ್ಡು ಖಾಲಿ ಬಿದ್ದಿತ್ತು. ಆಸಿಮ ಅಲ್ಲಿ ಹಾಸಿಗೆ ಬಿಚ್ಚಿದ. ನಾವು ಹೋಗಿ ಫೋಟೊ ತೆಗೆದು ಆಫೀಸಿನ ಗೋಡೆಗೆ ಹಾಕಿದೆವು. ಅದು ದ್ರಾಕ್ಷಿ ಒಣಗಿಸುವ ಶೆಡ್ಡು ಎಂದು ಗೊತ್ತಿರಲಿಲ್ಲವೆ? ಈ ಸೀಮೆಯ ಕೂಸಿಗೂ ಗೊತ್ತು. ಆದರೆ ಫೋಟೊ ತೆಗೆದದ್ದು ದೀಪಾವಳಿಗೆ. ದ್ರಾಕ್ಷಿ ಇಳಿಯುವುದು ಶಿವರಾತ್ರಿಗೆ.

ಶಿವರಾತ್ರಿಯೂ ಬಂತು. ಬಲೆಯ ಮೇಲೆ ದ್ರಾಕ್ಷಿ ಹರಡಿ, ಬಿಸಿಲು ತಾಗದಂತೆ ಸುತ್ತ ಪರದೆ ಕಟ್ಟಿದರು. ಆಸಿಮ ಇದ್ದಾಗ ಪರದೆ ಇರಲಿಲ್ಲ. ಅವನು ಹಾಸಿಗೆ ಸುತ್ತಿಕೊಂಡು ಬಂದು, ಗೋಡೆಯ ಮೇಲಿನ ತನ್ನ ಫೋಟೊದ ಕೆಳಗೇ ಕುಳಿತ.

‘ಮುಂದಿನ ವಾರ ತಂಗೀದು ಪರೀಕ್ಷೆ ಮುಗೀತೈತ್ರಿ,’ ಎಂದ. ‘ಈ ಸಲ ಯಾವ ಊರ ಬಸ್ಸು?’

ನನ್ನಲ್ಲಿ ಊರುಗಳು ಮುಗಿದಿದ್ದವು. ಎರಡು ದಿನ ನನ್ನ ಖೋಲಿಯಲ್ಲಿರು, ಇನ್ನೊಂದು ನಂಬರ್ ಹುಡುಕುತ್ತೇನೆ ಎಂದು ಕರೆದೊಯ್ದೆ.

ನಾನಿರುವುದು ಗಿರಿಜವ್ವನವರ ಮನೆಯ ಮಾಳಿಗೆಯಲ್ಲಿ, ಎರಡು ಖೋಲಿ. ಅವರ ಗೇಟು ಜೋತು ಬಿದ್ದಿತ್ತು. ಎತ್ತಿ ಹಿಡಿದೇ ತೆಗೆಯಬೇಕು. ಯಾರನ್ನಾದರೂ ಕರೆತಾ ಎಂದು ದಸರೆಯಿಂದ ಹೇಳುತ್ತಿದ್ದರು. ನಾನು ಇವರ ನಂಬರ್, ಅವರ ನಂಬರ್ ಕೊಡುತ್ತ ಬಂದಿದ್ದೆ. ಆಸಿಮ ಗೇಟಿನಿಂದ ಒಳಗೇ ಬರಲಿಲ್ಲ. ವೆಲ್ಡಿಂಗ್ ಅಂಗಡಿಗೆ ಹೋಗಿ ಯಂತ್ರ ತಂದು, ಗೇಟನ್ನು ಸರಿಯಾಗಿ ಕೂರಿಸಿದ ಮೇಲೆಯೇ ಬಂದ.

ಗಿರಿಜವ್ವ ಚಹಾ ಕೊಟ್ಟು ವಿಚಾರಣೆಗೆ ಕುಳಿತರು. ಹೆಸರು ಕೇಳಿ ಗೇಟಿನ ಕಡೆ ನೋಡಿದರು. ತಂಗಿಯ ಸಂಗತಿ ಬಂದಾಗ ನನ್ನಂತೆ ತಲೆಯಾಡಿಸಲಿಲ್ಲ; ಮತ್ತೊಮ್ಮೆ ಹೇಳು ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

‘ಅಣ್ಣ ತಂಗಿ ಅಂದ್ರ ಫ್ಯಾಮಿಲಿ ಆತಲ್ಲೋ. ಮಂದಿ ಹೆದರೂದು ಒಬ್ಬಂಟಿ ಹುಡುಗರಿಗೆ. ನೀ ಎಲ್ಲಾ ಕಡೆ ಏನಂತ ಹೇಳಿದ್ದಿ?’

‘ಒಬ್ಬನೇ ಹುಡುಗ ಅಂತ್ರಿ.’

‘ಒಬ್ಬನೇ ಹುಡುಗ ನೀ ಅದಿ. ನಿನಗ್ಯಾಕ ಎರಡ ಖೋಲಿ? ಸೋಮವಾರ ಖಾಲಿ ಮಾಡು. ಊರ ಮಂದಿಗೆಲ್ಲ ಮನಿ ತೋರಸ್ತಿ, ನಿನಗೊಂದ ತೋರಸ್ಕೊ.’

ಆಸಿಮ ಬೇಡವೆನ್ನಬಹುದೆಂದು ಅವನ ಮುಖ ನೋಡಿದೆ. ಅವನು ಬಸಿಯಲ್ಲಿ ಉಳಿದಿದ್ದ ಚಹಾ ಕುಡಿದ.

ಸೋಮವಾರ ಫರಹೀನ ಟ್ರಂಕಿನೊಂದಿಗೆ ಬಂದು ಗೇಟನ್ನು ಒಂದೇ ಬೆರಳಲ್ಲಿ ತಳ್ಳಿದಳು. ಅದೇ ಗೇಟಿನಿಂದ ನಾನು ಹಾಸಿಗೆ ಹೊತ್ತು ಆಫೀಸಿಗೆ ನಡೆದೆ. ನೇಮಿನಾಥ ಸರ್ ಮರುಗಿದರು. ಕೂರಿಸಿದರು, ನೀರು ಕೊಟ್ಟರು, ನನ್ನೆದುರಿಗೇ ಚಿಕ್ಕೋಡಿಗೆ ಫೋನು ಹಚ್ಚಿದರು.

‘ನಮ್ಮ ಹುಡುಗ ಬರಾಕತ್ತಾನ್ರಿ,’ ಎಂದರು. ‘ಒಬ್ಬನ ಅದಾನ.’