ಅಕ್ಕನ ಹನ್ನೊಂದು ನಿಮಿಷ

ಡಿಸೈನರ್ ಆಗುವ ಮೊದಲು ಅವಳು ಅಕ್ಕನ ಟೈಲರ್ ಅಂಗಡಿಯಲ್ಲಿ ಬಟ್ಟೆ ಹಾಳುಮಾಡುತ್ತಿದ್ದಳು. ತಾಯಿ ಹೋದ ಮೇಲೆ ತನಗಿಂತ ಹನ್ನೆರಡು ವರ್ಷ ದೊಡ್ಡವಳಾದ ಅಕ್ಕನೇ ಅವಳನ್ನು ಸಾಕಿದ್ದು. "ನಿನ್ನ ಕೈಗೆ ಕತ್ತರಿ ಕೊಟ್ರೆ ದೊಡ್ಡವರ ಅಂಗಿ ಮಗೂದಾಗುತ್ತೆ ಕಣೇ" ಎಂದು ಅಕ್ಕ ರೇಗಿಸುತ್ತಿದ್ದಳು. ಆದರೆ ತುಂಡುಬಟ್ಟೆಯ ಮೇಲೆ ತಂಗಿ ಗೀಚಿಟ್ಟ ಚಿತ್ರಗಳನ್ನು ಎಸೆಯದೆ ಎತ್ತಿಟ್ಟು, ಒಂದು ದಿನ ಕೈಹಿಡಿದು ಕರೆದೊಯ್ದು ಚಿತ್ರಕಲಾ ಶಾಲೆಗೆ ಸೇರಿಸಿದವಳೂ ಅವಳೇ.

ಅಲ್ಲಿಂದಾಚೆಗೆ ದಾರಿ ನೆಟ್ಟಗೇನೂ ಹೋಗಲಿಲ್ಲ. ಮೂರು ವರ್ಷ ಒಂದು ಪ್ರೆಸ್ಸಿನಲ್ಲಿ ಔಷಧಿ ಡಬ್ಬಿಗಳ ಮೇಲೆ ಅಕ್ಷರ ಜೋಡಿಸಿದಳು. ಆ ಪ್ರೆಸ್ಸು ಬಾಗಿಲು ಹಾಕಿತು. ಮಕ್ಕಳ ವಿಡಿಯೋ ಗೇಮ್ ಕಂಪನಿಯೊಂದರಲ್ಲಿ ಎರಡು ವರ್ಷ ಬರೀ ಮೋಡಗಳಿಗೆ ಬಣ್ಣ ಹಚ್ಚಿದಳು. ಕಿಟಕಿಯಾಚೆ ನಿಜವಾದ ಮೋಡ ಕಂಡರೂ ತಲೆನೋವು ಬರುತ್ತಿತ್ತು. ಆಮೇಲೆ ವೆಬ್‌ಸೈಟುಗಳ ಕೆಲಸ. ತಾನು ಜೀವ ತೇದು ಮಾಡಿದ ಬಟನ್ನು ಜನರ ಕಣ್ಣಿಗೇ ಬೀಳುವುದಿಲ್ಲ ಎಂದು ತಿಳಿದಾಗ ಉರಿದುಹೋದಳು. ಏಕೆ ಹೀಗೆ ಎಂದು ಕೆದಕುತ್ತಾ ಕೆದಕುತ್ತಾ ಯೂಸರ್ ಎಕ್ಸ್‌ಪೀರಿಯೆನ್ಸ್ ಕೆಲಸಕ್ಕೆ ಬಂದು ನಿಂತಳು.

"ಹಾಗಂದ್ರೆ ಏನೇ?" ಎಂದಳು ಅಕ್ಕ.

"ಜನ ಫೋನಲ್ಲಿ ಎಲ್ಲಿ ತಡವರಿಸ್ತಾರೆ ಅಂತ ನೋಡೋದು."

"ಅದಕ್ಕೂ ಸಂಬಳ ಕೊಡ್ತಾರಾ? ಪುಣ್ಯವಂತೆ ಬಿಡು."

ಹೊಸ ಕೆಲಸಕ್ಕೆ ಸೇರಿದ ಆರನೇ ತಿಂಗಳು. ಆಸ್ಪತ್ರೆಯ ಟೋಕನ್ ತೆಗೆದುಕೊಳ್ಳುವ ಆ್ಯಪ್ ಒಂದರ ಪರೀಕ್ಷೆ ಇತ್ತು. ಆ್ಯಪ್ ಬಳಸಿ ತೋರಿಸಲು ಬರಬೇಕಾಗಿದ್ದ ಹೆಂಗಸು ಕೈಕೊಟ್ಟಳು. ಇವಳು ಅಕ್ಕನಿಗೆ ಫೋನು ಮಾಡಿದಳು. ಅಕ್ಕ ಅರ್ಧ ಹೊಲಿದ ಅಂಗಿಯನ್ನು ಮೆಷಿನ್ನಿನಲ್ಲೇ ಬಿಟ್ಟು, ಇಸ್ತ್ರಿ ಮಾಡಿದ ಸೀರೆ ಉಟ್ಟು, ತಂಗಿಯ ಆಫೀಸು ನೋಡುವ ಸಂಭ್ರಮದಲ್ಲಿ ಓಡಿಬಂದಳು.

ಮೇಜು, ಮೇಜಿನ ಮೇಲೊಂದು ಫೋನು, ತಲೆಯ ಮೇಲೊಂದು ಕ್ಯಾಮೆರಾ, ಮೂಲೆಯಲ್ಲಿ ಇವಳ ಮೇಲಧಿಕಾರಿ. ಪರೀಕ್ಷೆಗೆ ಬಂದವರಿಗೆಲ್ಲ ಇವಳು ಮೊದಲು ಹೇಳುವ ಮಾತೊಂದಿತ್ತು: ನಾವು ಪರೀಕ್ಷಿಸುತ್ತಿರುವುದು ಆ್ಯಪನ್ನು, ನಿಮ್ಮನ್ನಲ್ಲ. ಸ್ವಂತ ಅಕ್ಕನಿಗೆ ಎಂಥ ಉಪಚಾರ ಎಂದುಕೊಂಡು ಅದನ್ನು ಹೇಳಲೇ ಇಲ್ಲ. ಎಂಥ ಬುದ್ಧಿಯೋ ಏನೋ.

ಕಣ್ಣಿನ ಡಾಕ್ಟರ ಟೋಕನ್ ತೆಗೆಯಬೇಕಿತ್ತು. ಹೆಸರು ಬರೆಯುವತನಕ ಸರಾಗವಾಗಿ ಹೋಯಿತು. ಮುಂದಿನ ಬಟನ್ನು ಅಕ್ಷರಗಳ ಕೀಲಿಮಣೆಯ ಹಿಂದೆ ಮುಚ್ಚಿಹೋಗಿತ್ತು. ಅಕ್ಕ ತಂಗಿಯತ್ತ ತಿರುಗಿದಳು. "ಈಗ ಏನು ಒತ್ತಲಿ?"

ಉತ್ತರ ಹೇಳಿಕೊಡಬಾರದೆಂಬುದು ಈ ಕೆಲಸದ ಹಾಳು ನಿಯಮ. ಮೇಲಧಿಕಾರಿ ನೋಡುತ್ತಿದ್ದರು. ಹುಟ್ಟಿದಾಗಿನಿಂದ ನೀನು ಎಂದು ಕರೆದ ಅಕ್ಕನಿಗೆ ಇವಳು, "ನಿಮಗೇನು ಅನ್ಸುತ್ತೆ?" ಎಂದಳು.

ಅಕ್ಕ ಒಂದು ಕ್ಷಣ ಇವಳ ಮುಖವನ್ನೇ ನೋಡಿದಳು. ಮತ್ತೆ ಫೋನಿಗೆ ಬಗ್ಗಿದಳು. ಹನ್ನೊಂದು ನಿಮಿಷ ಅಲ್ಲಿ ಒತ್ತಿ, ಇಲ್ಲಿ ಒತ್ತಿ, ಬೆವರಿದಳು. ಇವಳು ಪಕ್ಕದಲ್ಲೇ ಕೂತು ಎಲ್ಲವನ್ನೂ ಬರೆದುಕೊಂಡಳು. ಕೊನೆಗೆ ಅಕ್ಕ ಫೋನನ್ನು ಮೆಲ್ಲಗೆ ಇಟ್ಟು, "ನನ್ನ ತಲೆಗೆ ಹತ್ತಲ್ಲ. ನಿನ್ನ ಆಫೀಸಿನವರ ಮುಂದೆ ನಿನ್ನ ಮರ್ಯಾದೆ ಕಳೆದೆ" ಎಂದಳು. ಆಗಲಾದರೂ ತಪ್ಪು ನಮ್ಮದು ಎನ್ನಬಹುದಿತ್ತು. ಮೀಟಿಂಗಿಗೆ ಹೊತ್ತಾಗಿತ್ತು. ಅಕ್ಕನನ್ನು ಬಸ್ಸು ಹತ್ತಿಸಿ ಓಡಿದಳು.

ಆ ಹನ್ನೊಂದು ನಿಮಿಷದ ವಿಡಿಯೋ ನೋಡಿ ಬಟನ್ನನ್ನು ಮೇಲಕ್ಕೆ ತಂದರು. ಇವಳಿಗೆ ಬಡ್ತಿ ಸಿಕ್ಕಿತು. ಅಕ್ಕ ಮಾತ್ರ ಇವಳೆದುರು ಮತ್ತೆಂದೂ ಫೋನು ಹಿಡಿಯಲಿಲ್ಲ. ಅದನ್ನು ಗಮನಿಸುವುದಕ್ಕೇ ಇವಳಿಗೆ ನಾಲ್ಕು ವರ್ಷ ಹಿಡಿಯಿತು. ಗಮನಿಸುವುದೇ ಇವಳ ಕಸುಬು!

ಒಂದು ಮಧ್ಯಾಹ್ನ ಅಂಗಡಿಗೆ ಹೋದಾಗ ಅಕ್ಕ ಫೋನು ಹಿಡಿದು ಪಕ್ಕದ ದಾರದ ಅಂಗಡಿಗೆ ಹೊರಟಿದ್ದಳು. ಕಣ್ಣು ಮಂಜಾಗಿತ್ತು, ಡಾಕ್ಟರ ಟೋಕನ್ ತೆಗೆಯುವುದು ಹೇಗೆಂದು ಅಲ್ಲಿಯವಳನ್ನು ಕೇಳಬೇಕಿತ್ತು.

"ಕೊಡಕ್ಕ, ನಾನು ತೋರಿಸ್ತೀನಿ." ಫೋನು ಕೈಗೆ ಬಂದಮೇಲೆ ಇವಳು ಅದನ್ನು ತೆರೆಯದೆ ಹೇಳಿದಳು. "ಆವತ್ತಿನ ತಪ್ಪು ನಿಂದಲ್ಲ ಅಕ್ಕ, ನಮ್ಮದು. ಬಟನ್ನೇ ಕಾಣ್ತಿರಲಿಲ್ಲ."

"ಆವತ್ತೇ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

ಅಕ್ಕ ಸಿಟ್ಟಾಗಲಿಲ್ಲ. ಇವಳ ಕೈಯಿಂದ ಫೋನನ್ನು ಮೆಲ್ಲಗೆ ವಾಪಸ್ಸು ತೆಗೆದುಕೊಂಡು ಚಪ್ಪಲಿ ಮೆಟ್ಟಿದಳು.

"ಇರಲಿ ಬಿಡು. ಪಕ್ಕದ ಅಂಗಡಿಯವಳು ಕೇಳಿದ್ರೆ ಹೇಳ್ತಾಳೆ."