ಹನ್ನೊಂದು ಮುಖಗಳ ಕೆಳಗಿನ ಸುದ್ದಿ

ಸಿಂಧನೂರಿನ ಪೇಟೆಯಲ್ಲಿ ಶರಣಪ್ಪನ ಗೊಬ್ಬರದ ಅಂಗಡಿ. ಅದರ ಹಿಂದಿನ ಕೋಣೆಯಲ್ಲಿ, ಚೀಲಗಳನ್ನೇ ಕುರ್ಚಿ ಮಾಡಿಕೊಂಡು, ಅಂದು ನಾವು ನಾಲ್ವರು ಕುಳಿತಿದ್ದೆವು. ನಮ್ಮ ಬಳಗದ ಸಂಘಕ್ಕೆ ಅಧ್ಯಕ್ಷನಾದ ಶರಣಪ್ಪ ಒಬ್ಬ. ಹಟ್ಟಿಯ ಗಣಿಯಲ್ಲಿ ಮುಂಜಾನೆಯ ಪಾಳಿ ಮುಗಿಸಿ ಬಸ್ಸಿನಲ್ಲಿ ನಿದ್ದೆಗಣ್ಣಿನಿಂದ ಬಂದಿದ್ದ ಕಾರ್ಯದರ್ಶಿ ದೇವಪ್ಪ ಇನ್ನೊಬ್ಬ. ಲಿಂಗಸುಗೂರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ, ಶರಣಪ್ಪನಿಗೆ ಅಕ್ಕನ ಮಗಳಾಗಬೇಕಾದ ಶಾಂತಾ ಮೂರನೆಯವಳು. ಕಾಗುಣಿತ ತಿದ್ದಲೆಂದು ಕರೆಸಲ್ಪಟ್ಟ ಮಸ್ಕಿಯ ನಿವೃತ್ತ ಕನ್ನಡ ಮಾಸ್ತರನಾದ ನಾನು ನಾಲ್ಕನೆಯವನು. ಸಂಘದ ವೆಬ್‌ಸೈಟು ಅದಾಗಲೇ ಶರಣಪ್ಪನ ಹರಿವಾಣದಗಲದ ಫೋನಿನಲ್ಲಿ ಕ್ಷಣಾರ್ಧದಲ್ಲಿ ತೆರೆದುಕೊಂಡಿತ್ತು. ನನ್ನ ಹಳೆಯ ಫೋನಿನಲ್ಲಿ ಮಾತ್ರ ಬಿಳಿಯ ಪರದೆಯ ನಡುವೆ ಒಂದು ಪುಟ್ಟ ಸುರುಳಿ ಗಿರಗಿರನೆ ತಿರುಗುತ್ತಲೇ ಇತ್ತು.

ಈ ಸುರುಳಿಯನ್ನು ನೀವೂ ನೋಡಿದ್ದೀರಿ. ನನಗೆ ಅದನ್ನು ಕಂಡಾಗಲೆಲ್ಲ ನೆನಪಾಗುವುದು ಕಾಳು ಹಾಕದೆ ತಿರುಗಿಸಿದ ಬೀಸುಕಲ್ಲು. ಸದ್ದಿದೆ, ಶ್ರಮವಿದೆ, ಹಿಟ್ಟು ಮಾತ್ರ ಬೀಳುವುದಿಲ್ಲ. ಮೂವತ್ತು ವರ್ಷ ಪಾಠ ಹೇಳಿದವನಿಗೆ ಈ ದೃಶ್ಯ ಹೊಸದೇನಲ್ಲವೆಂದು ನನ್ನ ಶಿಷ್ಯರು ನಕ್ಕರೆ ನಾನು ಆಕ್ಷೇಪಿಸಲಾರೆ.

ಅಂದಿನ ಪ್ರಶ್ನೆ ಬಹಳ ಸರಳವಾದುದು: ಬಳಗದೊಳಗಿನ ಮದುವೆ, ತೊಟ್ಟಿಲು, ಸಾವುಗಳ ಸುದ್ದಿಯನ್ನು ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲೂಕುಗಳ ಹಳ್ಳಿಹಳ್ಳಿಗಳಲ್ಲಿ ಚದುರಿರುವ ನಮ್ಮವರ ಫೋನಿಗೆ ಮುಟ್ಟಿಸುವುದು ಹೇಗೆ? ದೇವಪ್ಪನಿಗೆ ಆ್ಯಪ್ ಬೇಕಾಗಿತ್ತು, “ದೊಡ್ಡ ಕಂಪನಿ ಗತೆ ನಮ್ದೂ ಒಂದಿರಲಿ” ಎಂದು. ಪರೀಕ್ಷೆಗೆ ನನ್ನ ಫೋನನ್ನೇ ಆರಿಸಿದರು. ಅದು ಜಾಗವಿಲ್ಲವೆಂದು ಕೈಯೆತ್ತಿಬಿಟ್ಟಿತು. ದಿನಬೆಳಗಾದರೆ ಗುಲಾಬಿ ಹೂವಿನ ಶುಭೋದಯ ಕಳಿಸುವ ನಿವೃತ್ತ ಮಿತ್ರರು ನನ್ನ ಫೋನಿನ ಅಂಗುಲಂಗುಲವನ್ನೂ ಒತ್ತುವರಿ ಮಾಡಿದ್ದರೆಂಬುದು ಆಗ ಬಯಲಾಯಿತು. ಮಾಸ್ತರನ ಗತಿಯೇ ಹೀಗಾದರೆ ಉಳಿದವರದೇನು ಎಂದು ಆ್ಯಪಿನ ಯೋಚನೆ ಅಲ್ಲಿಗೇ ಬಿತ್ತು. ಉಳಿದದ್ದು ಎರಡು ದಾರಿ. ದೊಡ್ಡ ಪರದೆಗೆ ಮಾಡಿದ ಪುಟವನ್ನೇ ಇದ್ದಂತೆ ಎಲ್ಲ ಫೋನಿಗೂ ತೆರೆಯುವುದು. ಇಲ್ಲವೇ ಸಣ್ಣ ಫೋನಿಗಾಗಿ ಬೇರೊಂದು ಹಗುರವಾದ ಪುಟ ಮಾಡಿ, ಬರೀ ಅಕ್ಷರಗಳಲ್ಲಿ ಸುದ್ದಿಯನ್ನು ಮೊದಲು ತೋರಿಸುವುದು.

ಶಾಂತಾ ಎರಡನೆಯ ದಾರಿಯ ಪರ ನಿಂತಳು. ಅಡ್ಡಿಯಾಗಿದ್ದು ಹನ್ನೊಂದು ಪದಾಧಿಕಾರಿಗಳ ಭಾವಚಿತ್ರ. ನಮ್ಮ ಕಡೆ ಚೌಕಗಳಲ್ಲಿ ಕಟ್ಟುವ ಫ್ಲೆಕ್ಸುಗಳನ್ನು ನೀವು ಕಂಡಿದ್ದರೆ ನಾನು ವಿವರಿಸಬೇಕಾಗಿಲ್ಲ: ಶುಭ ಕೋರುವವರ ಮುಖಗಳ ಸಂದಣಿಯಲ್ಲಿ ಯಾರಿಗೆ ಶುಭ, ಯಾತಕ್ಕೆ ಶುಭ ಎಂಬುದು ಸಾಸಿವೆಯಷ್ಟು ಅಕ್ಷರದಲ್ಲಿ ಮೂಲೆ ಸೇರಿರುತ್ತದೆ. ಆ ಫ್ಲೆಕ್ಸನ್ನೇ ಎತ್ತಿ ತಂದು ವೆಬ್‌ಸೈಟಿನ ನೆತ್ತಿಗೆ ಕಟ್ಟಲಾಗಿತ್ತು. ಪುಟ ತೆರೆದರೆ ಮೊದಲು ಹನ್ನೊಂದು ಜನ ಕೈಮುಗಿಯಬೇಕು. ಸುದ್ದಿ ಅವರ ಪಾದದ ಕೆಳಗೆ.

“ಮಾಮಾ, ಫೋನ್ ಅಂದ್ರ ಸಣ್ಣ ಕಿಟಕಿ. ಕಿಟಕಿ ತುಂಬ ನೀವಾ ನಿಂತ್ರ ಸುದ್ದಿ ಎಲ್ಲಿಂದ ಇಣುಕಬೇಕು?” ಎಂದಳು ಶಾಂತಾ.

“ಅದಿರಲಿ, ಯಾರ ಫೋಟೋ ತೆಗೀತಿ? ಅದನ್ನ ಹೇಳು ಮೊದ್ಲ.”

“ಎಲ್ಲಾರ್ದೂ.”

“ನಂದೂ?”

“ನಿಂದಾ ಮೊದ್ಲ. ಎಲ್ಲಾಕಿಂತ ಭಾರ ನಿಂದಾ ಐತಿ. ಕೊಳ್ಳಾಗಿನ ಚೈನಿನ ಎಳಿ ಎಳಿ ಕಾಣಂಗ ತೆಗಿಸಿಯಲ್ಲ!”

ದೇವಪ್ಪ ನಕ್ಕ. ಶರಣಪ್ಪ ನಗಲಿಲ್ಲ. ಅಧ್ಯಕ್ಷರಿಗೆ ಮಾತ್ರ ಹೊಳೆಯಬಲ್ಲ ಒಂದು ಉದಾತ್ತ ಮಾತು ಹೇಳಿದ. “ಪ್ಯಾಟಿ ಮಂದಿಗೆ ಬಣ್ಣದ್ದು, ಹೊಲದಾಗ ದುಡಿಯೋರಿಗೆ ಬರೇ ಅಕ್ಷರ. ಇದು ಭೇದಭಾವ ಆಗ್ತದವ್ವ. ನಮ್ಮ ಸಂಘದಾಗ ಅದು ನಡಿಯಂಗಿಲ್ಲ. ಎಲ್ಲಾರಿಗೂ ಒಂದಾ ಪುಟ.”

ಸಮಾನತೆಯೆಂಬ ಪದ ಹೀಗೆ ಒಬ್ಬನ ಚಿನ್ನದ ಸರಪಳಿಯನ್ನು ಕಾಯುವ ಕಾವಲುಗಾರನಾಗಿ ನಿಂತುದನ್ನು ಕಂಡು ನನಗೆ ನನ್ನಜ್ಜಿಯ ನೆನಪಾಯಿತು. ಆಕೆ ಒಂದೇ ಹಿಟ್ಟಿನ ಜೋಳದ ರೊಟ್ಟಿಯನ್ನು ಊರಿಗೆ ಹೊರಟವನಿಗೆ ಕಟಕಟನೆ ಮುರಿಯುವಂತೆ ಒಣಗಿಸಿ ಕಟ್ಟುತ್ತಿದ್ದಳು; ಹೊಲದಿಂದ ಬಂದವನಿಗೆ ಬಿಸಿಯದನ್ನು ಹಂಚಿನಿಂದಲೇ ಕೊಡುತ್ತಿದ್ದಳು; ಹಲ್ಲುದುರಿದ ಅಜ್ಜನಿಗೆ ಮಜ್ಜಿಗೆಯಲ್ಲಿ ಮುರಿದು ನೆನೆಹಾಕಿ ಇಡುತ್ತಿದ್ದಳು. ನನಗೊಂದು, ಅವನಿಗೊಂದು ಎಂದು ಅಜ್ಜ ಎಂದೂ ತಕರಾರು ತೆಗೆಯಲಿಲ್ಲ. ಬಾಯಿ ನೋಡಿ ರೊಟ್ಟಿ ಕೊಡುವುದು ಭೇದವಲ್ಲ, ಬಡಿಸುವವಳ ಧರ್ಮ. ಹಲ್ಲಿಲ್ಲದವನ ಮುಂದೆ ಕಟಕ ರೊಟ್ಟಿ ಇಟ್ಟು “ಎಲ್ಲಾರಿಗೂ ಒಂದಾ” ಎನ್ನುವುದಕ್ಕೆ ನಮ್ಮ ಅಜ್ಜಿಯ ನಿಘಂಟಿನಲ್ಲಿ ಬೇರೆ ಪದವಿತ್ತು. ಅದು ಅಚ್ಚಿಗೆ ಯೋಗ್ಯವಲ್ಲ.

ಅಜ್ಜಿಯ ಪದವನ್ನು ನುಂಗಿಕೊಂಡು ನಾನು ಮೆಲ್ಲಗೆ ಕೇಳಿದೆ: “ಪಾಮನಕಲ್ಲೂರ ಕಡೆ ಹೊಲದಾಗ ನಿಂತು ಇದನ್ನ ಯಾರರ ತೆಗದು ನೋಡೀರೇನ್ರಿ?”

“ಮಾಸ್ತರ್, ನೀವು ಕಾಗುಣಿತ ನೋಡ್ರಿ” ಎಂದ ಶರಣಪ್ಪ. ನಾನು ಕಾಗುಣಿತ ನೋಡಿದೆ. ಹನ್ನೊಂದು ಹೆಸರುಗಳ ಹಿಂದೆ ‘ಶ್ರೀಯುತ’ ಎಂಬುದು ಹನ್ನೊಂದು ಸಲವೂ ತಪ್ಪಾಗಿತ್ತು, ತಿದ್ದಿ ಬಂದೆ.

ಪಾಮನಕಲ್ಲೂರಿನ ಮಾತು ನನ್ನ ಬಾಯಿಗೆ ಬರಲು ಕಾರಣ ಅಲ್ಲಿರುವ ಅಯ್ಯಮ್ಮ ಚಿಗವ್ವ. ನನ್ನ ತಂದೆಯ ತಮ್ಮನ ಹೆಂಡತಿ ಆಕೆ. ಒಗಟು, ಗಾದೆ, ಬೈಗುಳ ಈ ಮೂರೂ ವಿಷಯಗಳಲ್ಲಿ ನನಗೆ ಪದವಿ ಕೊಟ್ಟವಳು. ಸಂಘದವರು ಊರೂರಿಗೆ ಹೋಗಿ ಎಲ್ಲರ ಫೋನ್ ನಂಬರು ಬರೆದುಕೊಂಡು ಬಂದಾಗ ಎಲ್ಲರಿಗಿಂತ ಹಿಗ್ಗಿದವಳೂ ಆಕೆಯೇ. ಮುದಗಲ್ಲಿನಲ್ಲಿ ಅವಳ ಅಕ್ಕ ದುರ್ಗಮ್ಮ ಹಾಸಿಗೆ ಹಿಡಿದು ಬಹಳ ದಿನವಾಗಿತ್ತು. ಅಕ್ಷರವನ್ನು ಒಂದೊಂದಾಗಿ ಕೂಡಿಸಿ ಓದಬಲ್ಲ ಚಿಗವ್ವ ಫೋನನ್ನು ಎಲೆಅಡಿಕೆಯ ಚೀಲದಲ್ಲಿಟ್ಟುಕೊಂಡು, “ಈಗ ಭಯ ಇಲ್ಲ ತಮ್ಮಾ, ನಮ್ಮಕ್ಕಗ ಹೆಚ್ಚು ಕಡಿಮಿ ಆದ್ರ ಇದರಾಗ ಬಂದು ಬೀಳ್ತದಂತ. ಮಾರಿ ನೋಡಾಕ ಸಿಕ್ರ ಸಾಕು” ಎಂದಿದ್ದಳು. ಅವಳಿಗೆ ಬೇಕಾಗಿದ್ದುದು ಅಷ್ಟೇ: ಅಕ್ಕನನ್ನು ಮಣ್ಣಿಗೆ ಇಳಿಸುವ ಮೊದಲು ಒಮ್ಮೆ ಮುಖ ನೋಡುವುದು.

ಸಾವಿನ ಸುದ್ದಿ ಮುಟ್ಟಿಸುವುದಕ್ಕೆ ನಮ್ಮಲ್ಲಿ ಹಿಂದೆ ಒಂದು ರೀತಿಯಿತ್ತು. ಬಳಗದವನೊಬ್ಬ ಎದ್ದು ಹೋಗಬೇಕು. ಹೋದವನು ಹೊಸ್ತಿಲ ಹೊರಗೇ ನಿಲ್ಲಬೇಕು. ಕೂಡಬಾರದು, ಉರಿಬೇಸಿಗೆಯಾದರೂ ನೀರು ಕೇಳಬಾರದು. ಯಾರು ಹೋದರು, ಮಣ್ಣು ಯಾವಾಗ ಎಂಬೆರಡೇ ಮಾತು ಹೇಳಬೇಕು. ಆದರೆ ಹೇಳಿದೊಡನೆ ತಿರುಗುವಂತಿಲ್ಲ. “ಒಳಗಿಂದ ‘ಅಯ್ಯೋ’ ಅನ್ನೋದು ಕಿವಿಗೆ ಬೀಳೋ ತನಕ ಅಲ್ಲಿಂದ ಕಾಲು ಕೀಳಬಾರದಲೇ, ಅಲ್ಲೀ ತನಕ ನೀ ಸುದ್ದಿ ಹೇಳಿಯೇ ಇಲ್ಲ” ಎನ್ನುತ್ತಿದ್ದರು ನಮ್ಮಜ್ಜ. ಇನ್ನೊಂದು ನಿಯಮವೂ ಇತ್ತು. ಹೀಗೆ ಒಮ್ಮೆ ತಿಳಿಸಿದ ಮೇಲೆ ಮತ್ತೆ ಕರೆಯುವಂತಿಲ್ಲ. ಮದುವೆಗೆ ಎರಡು ಸಲ ಹೇಳಿಸಿಕೊಂಡು ಬರಬಹುದು, ಸಾವಿಗೆ ಬಾ ಎಂದು ಅಂಗಲಾಚುವ ಪದ್ಧತಿಯಿಲ್ಲ. ನಮ್ಮ ಸಂಘ ಮೊದಲ ನಿಯಮವನ್ನು ಫೋನಿಗೆ ಒಪ್ಪಿಸಿ, ಎರಡನೆಯದನ್ನು ಮಾತ್ರ ಭದ್ರವಾಗಿ ತನ್ನ ಬಳಿಯೇ ಇಟ್ಟುಕೊಂಡಿತು.

ದುರ್ಗಮ್ಮ ಒಂದು ಬೆಳಗಿನ ಜಾವ ತೀರಿಕೊಂಡಳು. ಮಗ ಹನುಮಂತ ಲಿಂಗಸುಗೂರಿಗೆ ಫೋನು ಮಾಡಿದ. ಶಾಂತಾ ಕೂಡಲೇ ಪುಟಕ್ಕೆ ಸುದ್ದಿ ಏರಿಸಿ, ಅದರ ಕೊಂಡಿಯನ್ನು ಬಳಗದ ಪ್ರತಿಯೊಬ್ಬರಿಗೂ ಕಳಿಸಿದಳು. ನಾನಾಗ ಕಣ್ಣಿನ ಪೊರೆ ತೆಗೆಸಿಕೊಂಡು, ಫೋನು ಮುಟ್ಟಕೂಡದೆಂಬ ಡಾಕ್ಟರ ಅಪ್ಪಣೆಗೆ ತಲೆಬಾಗಿ, ಕಪ್ಪು ಕನ್ನಡಕ ಧರಿಸಿ ಖಳನಾಯಕನಂತೆ ಮಸ್ಕಿಯ ಮನೆಯಲ್ಲಿ ಕುಳಿತಿದ್ದೆ. ಚಿಗವ್ವ ಹತ್ತಿ ಬಿಡಿಸಲು ಹೊಲಕ್ಕೆ ಹೋಗಿದ್ದಳು.

ಅಲ್ಲಿ ಅವಳ ಚೀಲದಲ್ಲಿ ಫೋನು ಟಿಣ್ಣೆಂದಿತು. ತೆಗೆದು ಒತ್ತಿದಳು. ಮೊದಲು ಶರಣಪ್ಪನ ಪೇಟ ಬಂತು, ಹಣೆ ಬಂತು, ಮೀಸೆ ಬಂತು, ಕೊನೆಗೆ ಎಳೆ ಎಳೆಯಾಗಿ ಚೈನು ಬಂತು. ಆಮೇಲೆ ಉಪಾಧ್ಯಕ್ಷನ ಅರ್ಧ ಮುಖ. ಅಲ್ಲಿಂದ ಮುಂದೆ ಸುರುಳಿ. ಪಕ್ಕದ ಸಾಲಿನ ಹೆಂಗಸು ಏನೆಂದು ಕೇಳಿದ್ದಕ್ಕೆ, “ಶರಣಪ್ಪ ಕೈ ಮುಗದು ನಿಂತಾನ. ಹುಟ್ಟಿದ ಹಬ್ಬ ಇರಬೇಕು ಬಿಡು, ದೊಡ್ಡ ಮಂದಿದು” ಎಂದು ಹೇಳಿ ಚಿಗವ್ವ ಫೋನನ್ನು ಚೀಲಕ್ಕೆ ಸೇರಿಸಿ ಮತ್ತೆ ಸಾಲಿಗೆ ಬಗ್ಗಿದಳು.

ಅತ್ತ ಮುದಗಲ್ಲಿನಲ್ಲಿ ಹೊತ್ತು ಇಳಿಯುವ ತನಕ ಕಾದರು. ಯಾರೋ ಅಯ್ಯಮ್ಮಗೊಂದು ಫೋನು ಹಚ್ಚಿ ಕೇಳೋಣವೆಂದರು. ಹನುಮಂತ ಶಾಂತಾಳಿಂದ ಅವಳು ಕಳಿಸಿದ ಮೆಸೇಜಿನ ಚಿತ್ರ ತರಿಸಿ ನೋಡಿದ. ಅಯ್ಯಮ್ಮನ ಹೆಸರಿನ ಮುಂದೆ ಎರಡು ನೀಲಿ ಗೀಟು ಬಿದ್ದಿದ್ದವು. “ನೋಡ್ಯಾಳ. ನೋಡಿದ ಮ್ಯಾಲೂ ಬಂದಿಲ್ಲ. ಸತ್ತ ಮನಿಗೆ ಬಾ ಬಾ ಅಂತ ಕೈ ಹಿಡದು ಜಗ್ಗತಾರೇನು?” ಎಂದ. ಪದ್ಧತಿ ಅವನ ಕಡೆಗಿತ್ತು, ಗೀಟುಗಳೂ ಅವನ ಕಡೆಗಿದ್ದವು. ಸುದ್ದಿಯನ್ನು ಮುಟ್ಟಿಸಲಾರದ ಯಂತ್ರ, ಮುಟ್ಟಿಸಿದೆನೆಂದು ಸಾಕ್ಷಿ ಹೇಳುವುದರಲ್ಲಿ ಮಾತ್ರ ಎಳ್ಳಷ್ಟೂ ತಡಮಾಡಲಿಲ್ಲ. ಸೂರ್ಯ ಮುಳುಗುವುದರೊಳಗೆ ಮಣ್ಣು ಮುಗಿಯಿತು.

ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಪರವೂರಿನವರು ಆಡಿಕೊಳ್ಳುವಾಗ ಚಿಗವ್ವನ ಕಿವಿಗೆ ಬಿತ್ತು. ಉಟ್ಟ ಸೀರೆಯಲ್ಲೇ ಮುದಗಲ್ಲಿಗೆ ಹೋದಳು. ಹನುಮಂತ ಹೊಸ್ತಿಲಲ್ಲಿ ನಿಂತು, “ಈಗ ಯಾಕ ಬಂದಿ ಚಿಗವ್ವಾ, ಹತ್ತಿ ಮುಗೀತೇನು?” ಎಂದನಂತೆ. ಆಕೆ ಫೋನು ತೆಗೆದು ಅವನ ಮುಂದೆ ಹಿಡಿದಳಂತೆ. “ಇದರಾಗ ದೊಡ್ಡೋರೆಲ್ಲಾ ಬಂದ್ರಪ್ಪ. ನಮ್ಮಕ್ಕ ಒಬ್ಬಾಕಿ ಬರಲಿಲ್ಲ.” ಅವನು ನಂಬಲಿಲ್ಲ. ಬಳಗದಲ್ಲಿ ಬಹಳ ಜನ ಇಂದಿಗೂ ನಂಬಿಲ್ಲ. ಅಕ್ಕನ ಮುಖಕ್ಕೆ ಎರವಾದವಳಿಗೆ ಅಕ್ಕನ ಮನೆಯ ಬಾಗಿಲೂ ಮುಚ್ಚಿತು.

ಕಣ್ಣು ಸರಿಹೋದ ಮೇಲೆ ನಾನು ಕರೆಯದೆಯೇ ಸಂಘದ ಸಭೆಗೆ ಹೋಗಿ, ನಡೆದುದನ್ನೆಲ್ಲ ಹೇಳಿದೆ. ದೇವಪ್ಪ ನೆಟ್‌ವರ್ಕಿನವರನ್ನು ಬೈದ. ಶಾಂತಾ, “ಒಂದು ಮಧ್ಯಾಹ್ನದ ಕೆಲಸ ಮಾಮಾ, ಫೋಟೋ ಕೆಳಗ ಹಾಕಿ ಸುದ್ದಿ ಮ್ಯಾಲ ತರತೀನಿ. ಹ್ಞೂಂ ಅನ್ನು ಸಾಕು” ಎಂದಳು. ಶರಣಪ್ಪ ಹ್ಞೂಂ ಎನ್ನಲಿಲ್ಲ. ಸಾವಿನ ಸುದ್ದಿಗೆ ಬಣ್ಣ ಶೋಭಿಸುವುದಿಲ್ಲವೆಂಬ ನನ್ನ ದುಃಖ ತನಗೆ ಅರ್ಥವಾಯಿತೆಂದು ಹೇಳಿ, ಇನ್ನು ಮುಂದೆ ಅಂಥ ದಿನಗಳಲ್ಲಿ ಎಲ್ಲ ಭಾವಚಿತ್ರಗಳ ಸುತ್ತಲೂ ಕಪ್ಪು ಅಂಚು ಬರಬೇಕೆಂದು ನಿರ್ಧಾರ ಮಾಡಿಸಿದ. ಅದೇ ಸಭೆಯಲ್ಲಿ ಹೊಸ ಖಜಾಂಚಿಯ ಆಯ್ಕೆಯಾಯಿತು. ಪುಟದ ನೆತ್ತಿಗೆ ಹನ್ನೆರಡನೆಯ ಮುಖವೊಂದು ಕೂಡಿಕೊಂಡಿತು.

ಇದನ್ನು ನಿಮ್ಮ ಮುಂದೆ ಹೇಳುವಾಗ ಹಗುರಾಗಿ ಹೇಳಬೇಕೆಂದಿದ್ದೆ. ನಾಲಿಗೆಯ ಮೇಲೆ ಬೇವು ಇಟ್ಟುಕೊಂಡು ಬೆಲ್ಲದ ಮಾತಾಡುವ ವಿದ್ಯೆ ನನಗೆ ಸಾಲದು. ಕಳಿಸುವವನು ತನ್ನ ಕೈಯಲ್ಲಿರುವ ಫೋನನ್ನು ನೋಡಿಕೊಂಡು ಕಳಿಸುತ್ತಾನೆ. ಪಡೆಯುವವಳ ಕೈಯಲ್ಲಿರುವುದು ಯಾವುದು, ಅವಳು ನಿಂತಿರುವ ನೆಲ ಯಾವುದು ಎಂದು ತಿಳಿಯಬೇಕಾದರೆ ಅಲ್ಲಿಯ ತನಕ ನಡೆದು ಹೋಗಿ ಹೊಸ್ತಿಲಲ್ಲಿ ನಿಲ್ಲಬೇಕಾಗುತ್ತದೆ. ಶರಣಪ್ಪನಿಗೆ ಇದು ಗೊತ್ತಿಲ್ಲವೆಂದು ನಾನು ಬಹಳ ದಿನ ತಿಳಿದಿದ್ದೆ.

ಅದಾಗಿ ಕೆಲವು ತಿಂಗಳಿಗೆ ಶರಣಪ್ಪನ ತಾಯಿ ಸಿಂಧನೂರಿನಲ್ಲಿ ತೀರಿಕೊಂಡಳು. ಅಂದು ಅವನು ಬಳಗದ ಗಂಡಸರನ್ನೆಲ್ಲ ಮೋಟಾರ್‌ಸೈಕಲ್ಲಿನಲ್ಲಿ ಊರೂರಿಗೆ ಅಟ್ಟಿದ. “ಒಳಗಿಂದ ದನಿ ಕೇಳೋ ತನಕ ತಿರುಗಿ ಬರಬ್ಯಾಡ್ರಿ” ಎಂದು ಹೇಳಿ ಕಳಿಸಿದನೆಂದು ಹೋದವರೇ ನನಗೆ ತಿಳಿಸಿದರು. ಪಾಮನಕಲ್ಲೂರಿಗೆ ಹೋದವನು ಚಿಗವ್ವನ ಹೊಸ್ತಿಲ ಹೊರಗೆ ನಿಂತು ಎರಡು ಮಾತು ಹೇಳಿ ಕಾದ. ಆಕೆ ಅಯ್ಯೋ ಎನ್ನಲಿಲ್ಲ. ಸೆರಗು ಹೊದ್ದು, ಬಾಗಿಲು ಎಳೆದುಕೊಂಡು, “ನಡಿ” ಎಂದು ಗಾಡಿಯ ಹಿಂದೆ ಕುಳಿತಳು.

ಮಧ್ಯಾಹ್ನ ನಾನೂ ಚಿಗವ್ವನೂ ಕುಣಿಯ ಬಳಿ ಅಕ್ಕಪಕ್ಕ ನಿಂತಿದ್ದೆವು. ನನ್ನ ಜೇಬಿನಲ್ಲಿ ಫೋನು ಟಿಣ್ಣೆಂದಿತು, ಸಂಘದ ಕೊಂಡಿ. ಒತ್ತಿದೆ. ಕಪ್ಪು ಅಂಚಿನೊಳಗೆ ಶರಣಪ್ಪನ ಪೇಟ ಬಂತು, ಮೀಸೆ ಬಂತು, ಆಮೇಲೆ ಸುರುಳಿ ತಿರುಗತೊಡಗಿತು. ಚಿಗವ್ವ ಬಗ್ಗಿ ನೋಡಿದಳು.

“ತಿರುಗಲಿ ಬಿಡು” ಎಂದಳು.

ನಾನು ಫೋನನ್ನು ಜೇಬಿಗಿಟ್ಟೆ. ಆಕೆ ಮುಂದೆ ಹೋಗಿ, ಶರಣಪ್ಪನ ತಾಯಿಯ ಮುಖ ನೋಡಿ, ಒಂದು ಹಿಡಿ ಮಣ್ಣು ಹಾಕಿ, ಹಿಂದೆ ನಿಂತವರಿಗೆ ದಾರಿ ಬಿಟ್ಟಳು.